ಎರಡನೇ ಬಿಗಿತ

ವಿಕ್ರೋಳಿ
10 ಫೆಬ್ರವರಿ 2025

ಶಿವಪುತ್ರ,

ಜೈ ಭೀಮ್. ಇದು ನಿನಗೆ ಹೇಳಿದ್ದಲ್ಲ. ಕಾಗದದ ನೆತ್ತಿಯ ಮೇಲೆ ಈ ಮಾತು ಇಲ್ಲದಿದ್ದರೆ ನನ್ನ ಕೈ ಓಡುವುದಿಲ್ಲ, ಅದಕ್ಕೆ ಬರೆದೆ.

ನಿನ್ನ ನಂಬರನ್ನು ಬ್ಲಾಕ್ ಮಾಡಿದ್ದೇನೆ. ಫೋನಿನಲ್ಲಿ ನಾನು ಬೈಯುತ್ತಿದ್ದರೆ ನೀನು ಆ ಕಡೆ ನಗುತ್ತೀ. ಕಾಗದದಲ್ಲಿ ನಗಲು ಬರುವುದಿಲ್ಲ. ಸಂಘಟನೆಯ ಕರಪತ್ರಗಳನ್ನು ಇಬ್ಬರೂ ಕೂತು ಬರೆದ ಕೈ ನಮ್ಮವು, ಬರೆಯುವುದಕ್ಕೇನೂ ನಾಚಿಕೆಯಿಲ್ಲ. ನೀರಿನ ಟ್ಯಾಂಕರಿನ ಡ್ರೈವರ್ ಅಮೋಲ್ ಗಾಡಿಗೆ ಸಿಎನ್‌ಜಿ ಗ್ಯಾಸ್ ತುಂಬಿಸಲು ಮುಲುಂಡಿಗೆ ಬರುತ್ತಾನಲ್ಲ, ಅವನ ಕೈಲಿ ಕೊಟ್ಟಿದ್ದೇನೆ. ಉತ್ತರವಿದ್ದರೆ ಅವನ ಕೈಲೇ ಕಳಿಸು.

ಈಗ ನೇರ ಮಾತು. ಹಿಂದಿನ ಭಾನುವಾರ ಸಫಾಯಿ ಕಾಮಗಾರರ ಮೋರ್ಚಾಕ್ಕೆಂದು ನಾನು ಆಜಾದ್ ಮೈದಾನಕ್ಕೆ ಹೋಗಿದ್ದೆ. ನಾನಿಲ್ಲದ ಹೊತ್ತಿನಲ್ಲಿ ನೀನು ನಮ್ಮ ಗುಡ್ಡದ ಬಸ್ತಿಗೆ ಬಂದೆ. ನೀರಿನ ಟ್ಯಾಂಕರಿನ ಎಂಜಿನ್ ಬಿಚ್ಚಿದೆ. ಅದರ ನೆತ್ತಿಯ ಮೇಲೆ ನಾನು ಕಟ್ಟಿದ ಹೆಡ್ಡನ್ನು ಕಿತ್ತು ಬೇರೆ ಹೆಡ್ ಕೂರಿಸಿದೆ. ಕೇಳಲಿಲ್ಲ, ಹೇಳಲಿಲ್ಲ.

ಉಸ್ತಾದ್ ಶೆಟ್ಟೆಪ್ಪ ನಮ್ಮಿಬ್ಬರ ಕೈಗೂ ಬೋಲ್ಟು ಬಿಗಿಯುವ ಪಾನಾ ಕೊಟ್ಟ ದಿನವೇ ಏನು ಹೇಳಿದ್ದ? "ಒಬ್ಬ ಕಟ್ಟಿದ ಹೆಡ್ ಇನ್ನೊಬ್ಬ ಮುಟ್ಟಬಾರದು. ಮುಟ್ಟಬೇಕಂದ್ರ ಕಟ್ಟಿದವನ ಬಾಯಿಂದ ಹೂಂ ಅನಿಸ್ಕೊಂಡು ಮುಟ್ಟು." ಇಲ್ಲಿಂದ ಕುರ್ಲಾದವರೆಗೆ ರಸ್ತೆ ಬದಿಯಲ್ಲಿ ಕೂತ ಮಿಸ್ತ್ರಿಗಳೆಲ್ಲ ಈ ಕಾಯಿದೆ ಪಾಲಿಸುತ್ತಾರೆ. ಕದ್ದ ಮಾಲು ಮಾರುವವನೂ ಪಾಲಿಸುತ್ತಾನೆ. ನಿನ್ನಿಂದ ಆಗಲಿಲ್ಲ.

ಆ ಟ್ಯಾಂಕರು ಯಾರದ್ದೆಂದು ನಿನಗೆ ಗೊತ್ತು. ಮಿಲಿಟರಿಯವರು ಹರಾಜು ಹಾಕಿದ, ಪೆಟ್ರೋಲಿನಲ್ಲಿ ಓಡುವ ಲಾರಿ. ಗುಡ್ಡದ ಮೇಲಿನ ಹೆಂಗಸರು ನೀರಿನ ಸಮಿತಿ ಮಾಡಿಕೊಂಡು ಕೊಂಡದ್ದು. ಗ್ಯಾಸಿಗೆ ಬದಲಾಯಿಸಿದ ಮೇಲೆ ಅದರ ಕಸುವು ಇಳಿಯಿತು. ತುಂಬಿದ ಟ್ಯಾಂಕು ಹೊತ್ತು ಬುದ್ಧ ವಿಹಾರದ ತಿರುವಿನವರೆಗೆ ಏರುತ್ತಿತ್ತು, ಅಲ್ಲಿ ನಿಂತುಬಿಡುತ್ತಿತ್ತು. ಅಲ್ಲಿಂದ ಮೇಲಕ್ಕೆ ಹೆಂಗಸರು ಕೊಡ ಹೊರುತ್ತಿದ್ದರು. ನಾನು ಹೆಡ್ಡಿಗೆ ಫೇಸಿಂಗ್ ಮಾಡಿಸಿದೆ, ಟೈಮಿಂಗ್ ತಿರುಗಿಸಿದೆ, ಮಾಡದೇ ಬಿಟ್ಟದ್ದು ಯಾವುದೂ ಇಲ್ಲ. ಕೊನೆಗೆ ಸಮಿತಿಯ ಮುಂದೆ ನಿಂತು ಹೇಳಿದೆ: ಇದು ಇನ್ನು ಏರುವುದಿಲ್ಲ. ಹೆಂಗಸರು ನನ್ನ ಮಾತು ನಂಬಿ ವರ್ಷಗಟ್ಟಲೆ ಹೊತ್ತರು.

ಮೋರ್ಚಾ ಮುಗಿಸಿ ಸಂಜೆ ಬಂದು ನೋಡುತ್ತೇನೆ, ಗಾಡಿ ಗುಡ್ಡದ ತುದಿಯಲ್ಲಿದೆ! ಬಾನೆಟ್ಟಿಗೆ ಹಾರ, ಸ್ಟೇರಿಂಗಿಗೆ ಹಾರ. ನಿನ್ನ ಕೊರಳಿಗೂ ಒಂದು ಬಿದ್ದಿತ್ತಂತೆ. ಸಮಿತಿಯ ಅಧ್ಯಕ್ಷೆ ಬಸಲಿಂಗವ್ವ ಎಲ್ಲರ ಎದುರಿಗೆ ನನ್ನನ್ನು ನಿಲ್ಲಿಸಿ ಕೇಳಿದಳು: "ಮರೆಪ್ಪಾ, ಇಷ್ಟು ವರ್ಷ ನೀ ಎಂಜಿನ್ ನೋಡ್ತಿದ್ದ್ಯೋ, ಎಂಜಿನ್ ನಿನ್ನ ನೋಡ್ತಿತ್ತೋ?" ಇಡೀ ಗುಡ್ಡ ನಕ್ಕಿತು. ನನ್ನ ಹೆಂಡತಿ ದೇವಕ್ಕನೂ ನಕ್ಕಳು. ನಿನಗೆ ಬಿಸಿ ರೊಟ್ಟಿ ಬಡಿದು ಶೇಂಗಾ ಚಟ್ನಿ ಹಾಕಿ ಉಣಿಸಿದ್ದಳಂತೆ. ನನಗೆ ಅದೇ ಚಟ್ನಿಯ ತಳ ಕೆರೆದು ಹಾಕಿ, "ಶಿವಪುತ್ರನ ಕೈ ಬಂಗಾರ" ಎಂದಳು.

ಹೌದಪ್ಪ, ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರಿಟ್ಟು ಭಾಷಣ ಮಾಡುವ ಚಾಳಿ ನನಗಿಲ್ಲ. ಆದರೆ ಕಾಯಿದೆ ಬೇರೆ, ಹೊಟ್ಟೆಕಿಚ್ಚು ಬೇರೆ. ನೀನು ಮುರಿದದ್ದು ಕಾಯಿದೆ.

ನನ್ನ ಹಳೆಯ ಹೆಡ್ಡನ್ನು ಗೋಣಿಯಲ್ಲಿ ಸುತ್ತಿ ಶೆಡ್ಡಿನ ಬಾಗಿಲಿಗೆ ಇಟ್ಟು ಹೋಗಿದ್ದೀ. ಹೆಣ ತಂದಿಟ್ಟ ಹಾಗೆ.

ಮರೆಪ್ಪ


ಮುಲುಂಡ್
16 ಫೆಬ್ರವರಿ 2025

ಮರೆಪ್ಪ ದೋಸ್ತ,

ಜೈ ಭೀಮ್, ನಿನಗೇ.

ಕಾಗದದಲ್ಲಿ ನಗಲು ಬರುವುದಿಲ್ಲ ಎಂದು ಬರೆದೆಯಲ್ಲ, ಅದನ್ನು ಓದಿಯೇ ನಕ್ಕೆ.

ಮೊದಲು ಕೆಲಸದ ಮಾತು. ನಿನಗೂ ಗೊತ್ತಿರುವುದೇ, ಆದರೂ ಬರೆಯುತ್ತೇನೆ, ಇಲ್ಲವಾದರೆ ಮಂತ್ರ ಹಾಕಿದೆ ಎನ್ನುತ್ತೀ. ಪಿಸ್ಟನ್ ಮೇಲೆ ಬಂದಾಗ ಗ್ಯಾಸನ್ನು ಎಷ್ಟು ಇಕ್ಕಟ್ಟಿನಲ್ಲಿ ಹಿಂಡುತ್ತದೋ ಅಷ್ಟು ಜೋರಾಗಿ ಅದು ಉರಿದು ಒದೆಯುತ್ತದೆ. ಹಿಂಡುವ ಜಾಗ ಹೆಡ್ಡಿನೊಳಗಿನ ಗುಂಡಿ. ನಮ್ಮ ಲಾರಿಯ ಹೆಡ್ಡಿನಲ್ಲಿ ಗುಂಡಿ ದೊಡ್ಡದು. ಆ ಕಾಲದ ಕಳಪೆ ಪೆಟ್ರೋಲು ಜಾಸ್ತಿ ಹಿಂಡಿದರೆ ಟಕಟಕ ಸಿಡಿಯುತ್ತದೆಂದು ಮಾಡಿದ್ದು. ಗ್ಯಾಸಿಗೆ ಆ ಭಯವಿಲ್ಲ, ಎಷ್ಟೋ ಹೆಚ್ಚು ಹಿಂಡಿಸಿಕೊಳ್ಳುತ್ತದೆ. ನೀನು ಫೇಸಿಂಗ್ ಮಾಡಿಸಿ ಹೆಡ್ ತೆಳ್ಳಗೆ ಮಾಡಿದೆ, ಸರಿಯಾದ ದಾರಿಯೇ. ಆದರೆ ಎಷ್ಟೆಂದು ಕೆತ್ತುತ್ತೀ? ಅದೇ ಕಂಪನಿ ಇದೇ ಎಂಜಿನ್ನಿನ ತಮ್ಮನನ್ನು ಜೀಪಿಗೆ ಹಾಕುತ್ತಿತ್ತು. ಬೋಲ್ಟಿನ ತೂತು ಅವೇ, ನೀರಿನ ದಾರಿ ಅವೇ, ಗುಂಡಿ ಮಾತ್ರ ಚಿಕ್ಕದು. ತಮ್ಮನ ಹೆಡ್ ತಂದು ಅಣ್ಣನ ತಲೆಗೆ ಇಟ್ಟೆ. ಕುರ್ಲಾದ ಗುಜರಿಯಲ್ಲಿ ತುಕ್ಕಿನ ರಾಶಿಯ ಅಡಿಯಲ್ಲಿತ್ತು, ಮೂರು ಭಾನುವಾರ ಹುಡುಕಿದ್ದೇನೆ. ಯಾರಾದರೂ ತಪ್ಪಿ ಪೆಟ್ರೋಲಿನಲ್ಲಿ ಓಡಿಸಿ ಪಿಸ್ಟನ್ ಒಡೆದಾರೆಂದು ಪೆಟ್ರೋಲಿನ ಪೈಪನ್ನೇ ಕಿತ್ತು ಹಾಕಿದ್ದೇನೆ.

ಇನ್ನು ನಿನ್ನ ಕಾಯಿದೆ. ಹೆಂಗಸರು ಕುಡಿಯುವುದು ನೀರು, ನಿನ್ನ ಕಾಯಿದೆಯಲ್ಲ. ಅವರ ಕತ್ತು ಬಗ್ಗಿದ್ದು ನಿನಗೆ ಕಾಣಲಿಲ್ಲ, ನಿನ್ನ ಬೋಲ್ಟು ಬಿಚ್ಚಿದ್ದು ಕಂಡಿತು. ಉಸ್ತಾದ ಇದ್ದಿದ್ದರೆ ನನ್ನ ಬೆನ್ನು ತಟ್ಟಿ ನಿನ್ನ ಕಿವಿ ಹಿಂಡುತ್ತಿದ್ದ.

ಈಗ ಮುಖ್ಯ ಮಾತು, ಇದನ್ನು ಕೋಪ ಬದಿಗಿಟ್ಟು ಓದು. ಹೆಡ್ಡಿನ ಕೆಳಗೆ ಹಾಸಿದ ಹೊಸ ಗ್ಯಾಸ್ಕೆಟ್ ಹಾಳೆ ಕೆಲವು ದಿನ ಬಿಸಿಯಾಗಿ ತಣ್ಣಗಾಗಿ ಕೂತುಕೊಳ್ಳುತ್ತದೆ, ಆಗ ಬೋಲ್ಟು ಸಡಿಲಾಗುತ್ತವೆ. ಎಂಜಿನ್ ಪೂರಾ ತಣ್ಣಗಿರುವಾಗ ಎರಡನೇ ಸಲ ಬಿಗಿ ಮಾಡಲೇಬೇಕು. ಹಿಂಡುವ ಜೋರು ಈಗ ಹೆಚ್ಚಾಗಿದೆ, ಮೊದಲಿನ ಹಾಗೆ ಅಲಕ್ಷ್ಯ ಮಾಡಿದರೆ ನಡೆಯುವುದಿಲ್ಲ. ನಾನೇ ಬರುತ್ತಿದ್ದೆ. ಆದರೆ ಗ್ಯಾರೇಜಿನ ಮಾಲೀಕ ನನ್ನನ್ನು ಬ್ರೇಕ್‌ಡೌನ್ ಗಾಡಿಯ ಜೊತೆ ಕಸಾರಾ ಘಾಟಿಗೆ ಕಳಿಸುತ್ತಿದ್ದಾನೆ, ಹೋಳಿಯವರೆಗೆ ಅಲ್ಲೇ. ರಜೆ ಕೇಳಿದರೆ ಕೆಲಸವೇ ಹೋಗುತ್ತದೆ.

ಆದ್ದರಿಂದ ನೀನು ಮಾಡು. ಬಿಗಿ ಎಷ್ಟೆಂದು ತೋರಿಸುವ ಉಸ್ತಾದನ ಮುಳ್ಳಿನ ಪಾನಾ ನಿನ್ನ ಹತ್ತಿರವೇ ಇದೆ. ನಾನು ಬಾಡಿಗೆ ಪಾನಾದಲ್ಲಿ ಕಟ್ಟಿ ಬಂದೆ. ದೇವಕ್ಕನಿಗೂ ಹೇಳಿದ್ದೇನೆ, ಮರೆಯದೆ ನಿನಗೆ ನೆನಪು ಮಾಡು ಎಂದು. ನಿನ್ನನ್ನು ಹೂಂ ಅನ್ನು ಎಂದು ಕೇಳಲಿಲ್ಲ, ನಿಜ. ನಾನು ಕಟ್ಟಿದ ಹೆಡ್ ಮುಟ್ಟಲು ನಿನಗೆ ನನ್ನ ಹೂಂ ಇದೆ. ತಗೋ.

ನಿನ್ನ
ಶಿವಪುತ್ರ


ವಿಕ್ರೋಳಿ
22 ಫೆಬ್ರವರಿ 2025

ಶಿವಪುತ್ರ,

ಜೈ ಭೀಮ್.

ನಿನ್ನ ಪಾಠ ಓದಿದೆ. ತಮ್ಮನ ಹೆಡ್, ಅಣ್ಣನ ತಲೆ. ಚೆನ್ನಾಗಿ ಬರೆಯುತ್ತೀ, ಕರಪತ್ರದಲ್ಲೂ ನೀನೇ ಚೆನ್ನಾಗಿ ಬರೆಯುತ್ತಿದ್ದೆ. ಅದನ್ನೂ ಎಲ್ಲರೂ ಹೇಳುತ್ತಿದ್ದರು.

ನಾನು ಆ ಹೆಡ್ ಮುಟ್ಟುವುದಿಲ್ಲ. ನೀನು ಹೂಂ ಅಂದರೆ ಆಯಿತೇ? ಬೇಕಾದಾಗ ಕಾಯಿದೆ ಮುರಿಯಲಿಕ್ಕೂ ನೀನೇ, ಬೇಕಾದಾಗ ಅದನ್ನು ದಾನ ಮಾಡಲಿಕ್ಕೂ ನೀನೇ. ಹಾರ ಹಾಕಿಸಿಕೊಳ್ಳಲು ನೀನು, ಹಿಂದಿನಿಂದ ಬೋಲ್ಟು ಬಿಗಿಯಲು ಮರೆಪ್ಪ. ಏರಿದರೆ ಶಿವಪುತ್ರನ ಕೈ ಬಂಗಾರ, ಏನಾದರೂ ಕೆಟ್ಟರೆ ಮರೆಪ್ಪ ಕೈ ಹಾಕಿದ್ದ ಅಂತಾರೆ. ಬೇಡ.

ಗಾಡಿ ದಿನಾಲೂ ನನ್ನ ಶೆಡ್ಡಿನ ಮುಂದಿನಿಂದಲೇ ಏರುತ್ತದೆ. ದನಿ ಬೇರೆಯಾಗಿದೆ, ಗಟ್ಟಿಯಾಗಿದೆ. ಏರುವಾಗ ಅಮೋಲ್ ಬೇಕೆಂತಲೇ ಹಾರನ್ ಹೊಡೆಯುತ್ತಾನೆ. ನಾನು ತಲೆ ಎತ್ತುವುದಿಲ್ಲ.

ನೀನು ಕಟ್ಟಿದ್ದು, ನೀನೇ ಬಂದು ಬಿಗಿ ಮಾಡು.

ಮರೆಪ್ಪ


ಮುಲುಂಡ್
13 ಮಾರ್ಚ್ 2025

ಮರೆಪ್ಪ,

ನಿನ್ನೆ ಕಸಾರಾದಿಂದ ಬಂದೆ. ನಿನ್ನ ಕಾಗದ ಗ್ಯಾರೇಜಿನ ಗೋಡೆಯ ಮೊಳೆಗೆ ಚುಚ್ಚಿಕೊಂಡು ಕಾಯುತ್ತಿತ್ತು. ಅಮೋಲ್ ಕೊಟ್ಟು ಹೋಗಿದ್ದನಂತೆ, ಯಾರೂ ನನಗೆ ಮುಟ್ಟಿಸಲಿಲ್ಲ. ನಿನ್ನ ಉತ್ತರ ಕೈಗೆ ಸಿಗದಿದ್ದಾಗ ನಾನು ಅಂದುಕೊಂಡದ್ದು ಒಂದೇ: ಅವನ ಬಾಯಿ ಬೈಯುತ್ತದೆ, ಕೈ ಕೆಲಸ ಮಾಡಿರುತ್ತದೆ. ಅಷ್ಟು ನಂಬಿದ್ದೆ ನಿನ್ನ ಕೈಯನ್ನು.

ಕಾಗದ ಓದುತ್ತಿರುವಾಗಲೇ ಅಮೋಲ್ ಬಂದ. ಗಾಡಿ ಇಲ್ಲದೆ ಬಸ್ಸಿನಲ್ಲಿ ಬಂದಿದ್ದ. ಬಾಗಿಲಲ್ಲಿ ನಿಂತು ತನ್ನ ಮರಾಠಿ ಬೆರೆತ ಕನ್ನಡದಲ್ಲಿ ಅಳಲಿಕ್ಕೇ ಶುರು ಮಾಡಿದ. "ಭಾವು, ತುಂಬಿದ ಗಾಡಿ, ವಿಹಾರಚ್ಯಾ ತಿರುವು ದಾಟಿದ್ದೆ. ಎಂಜಿನ್ ಫಟ್ ಅಂತು, ಬಿಳಿ ಹೊಗೆ ಬಂತು, ಬಂದ್. ಬ್ರೇಕ್ ಪೂರಾ ಪತ್ಥರ್. ನಾನು ಎರಡೂ ಕಾಲಲ್ಲಿ ನಿಂತೆ ಭಾವು, ಆದರೂ ಹಿಂದೆ ಹೋಯ್ತು. ದೇವಕ್ಕಾ ಹಿಂದೆ ಕಲ್ಲು ಹಿಡಿದು ಇದ್ರು. ಗಾಲಿಗೆ ಕಲ್ಲು ಹಾಕಿದ್ರು. ಕಲ್ಲು ಜಾರಿತು, ಕಾಲು..."

ಆ ಗಾಡಿಯ ಬ್ರೇಕಿಗೆ ಬಲ ಬರುವುದೇ ಎಂಜಿನ್ ಎಳೆಯುವ ಗಾಳಿಯಿಂದ. ಎಂಜಿನ್ ಸತ್ತರೆ ಪೆಡಲ್ ಕಲ್ಲಾಗುತ್ತದೆ. ನನಗೂ ಗೊತ್ತು, ನಿನಗೂ ಗೊತ್ತು. ವಿಹಾರದ ಗೋಡೆ ಇಲ್ಲದಿದ್ದರೆ ಗಾಡಿ ಕೆಳಗಿನ ಚಾಳಿನ ಮನೆಗಳ ಮೇಲೆ ಹೋಗುತ್ತಿತ್ತು ಎಂದ ಅಮೋಲ್.

ಬಸ್ತಿಯಲ್ಲಿ ಏನು ಮಾತಾಡುತ್ತಿದ್ದಾರೆಂದು ಕೇಳಿದೆ. ಶಿವಪುತ್ರನ ಗುಜರಿ ಹೆಡ್ ಸಿಡಿಯಿತು, ಮರೆಪ್ಪ ಮೊದಲೇ ಆಗುವುದಿಲ್ಲ ಅಂದಿದ್ದ, ಅವನ ಮಾತೇ ಖರೆ ಅನ್ನುತ್ತಿದ್ದಾರಂತೆ. ನಾನು ಗುಡ್ಡಕ್ಕೆ ಕಾಲಿಡಬಾರದೆಂದು ಬಸಲಿಂಗವ್ವ ಹೇಳಿ ಕಳಿಸಿದ್ದಾಳೆ.

ನಿನ್ನ ಕಾಗದ ನನ್ನ ಜೇಬಿನಲ್ಲಿದೆ. ಯಾರಿಗೂ ತೋರಿಸುವುದಿಲ್ಲ. ದೊಡ್ಡವನಾಗಲಿಕ್ಕೆ ಹೀಗೆ ಹೇಳುತ್ತಿಲ್ಲ. ಇದನ್ನು ತೋರಿಸಿದರೆ ನಿನ್ನ ಕೈಯಿಂದ ಬಸ್ತಿ ಹೋಗುತ್ತದೆ. ಬಸ್ತಿ ಇಲ್ಲದವನ ಬಾಳು ಹೇಗಿರುತ್ತದೆಂದು ನನಗೆ ಗೊತ್ತು, ಮುಲುಂಡಿನಲ್ಲಿ ಮಾಲೀಕನ ಹೆಸರಿನ ಅಂಗಿ ತೊಟ್ಟು ಅದನ್ನೇ ಬಾಳುತ್ತಿದ್ದೇನೆ. ಸಾಯುವಾಗ ಉಸ್ತಾದ ತನ್ನ ಪಾನಾ ನಿನ್ನ ಕೈಗೆ ಕೊಟ್ಟ. ನಾನು ಅವನ ಕಾಲ ಬಳಿ ಕೂತಿದ್ದೆ, ನನ್ನ ಕಡೆ ನೋಡಲೂ ಇಲ್ಲ. ಅಂದಿನಿಂದ ನನಗೆ ನಿನ್ನ ಕೈ ನೋಡಲು ಆಗಿಲ್ಲ ಮರೆಪ್ಪ. ಮೋರ್ಚಾ ಯಾವ ದಿನ ಇದೆಯೆಂದು ಕೇಳಿ ತಿಳಿದುಕೊಂಡೇ ಬಂದಿದ್ದೆ. ನೀನು ಇಲ್ಲದ ದಿನವೇ ಬೇಕಾಗಿತ್ತು ನನಗೆ.

ಹೊಟ್ಟೆಕಿಚ್ಚು ನಿನ್ನೊಬ್ಬನ ಆಸ್ತಿಯಲ್ಲ.

ಹೆಡ್ ಬಿಚ್ಚಿ ನೋಡು. ಮತ್ತೆ ಹೇಳುತ್ತೇನೆ, ಬಿಚ್ಚು. ದೇವಕ್ಕನ ಕಾಲು ಹೇಗಿದೆ ಎಂದು ಒಂದು ಸಾಲು ಬರೆ.

ಶಿವಪುತ್ರ


ವಿಕ್ರೋಳಿ
20 ಮಾರ್ಚ್ 2025

ಶಿವಪುತ್ರ ತಮ್ಮಗೂ ನಮ್ಮ ಮನ್ಯಾನವಗೂ, ಇಬ್ಬರಿಗೂ ಒಂದೇ ಕಾಗದ.

ನಾ ಮಾತಾಡಿದಂಗೇ ಬರಿತೀನಿ. ಸಂಘಟನಿ ಸಾಲ್ಯಾಗ ಅಕ್ಷರ ಕಲಿತೀನಿ, ನಿಮ್ಮಂಗ ಭಾಷಣ ಕಲಿತಿಲ್ಲ. ತಮ್ಮಾ, ನೀ ಓದಿ ಅಮೋಲನ ಕೈಯಾಗ ವಾಪಸ್ ಕಳಸು, ಆಮ್ಯಾಲ ಅವ ಓದ್ಲಿ. ಒಂದೇ ಖೋಲ್ಯಾಗ ಇದ್ದೂ ನಾ ಅವನ ಸಂಗಟ ಮಾತು ಬಿಟ್ಟೀನಿ. ದವಾಖಾನಿಯಿಂದ ಬಂದಾಗಿಂದ ಒಂದ್ ಮಾತಿಲ್ಲ. ಅನ್ನ ಮಾಡ್ತಾನ, ತಾಟು ತಂದಿಡ್ತಾನ, ಉಣ್ತೀನಿ. ಮಾತಿಲ್ಲ.

ಕಾಲಿನ ಎಲುಬು ಎರಡು ಕಡೆ ಮುರದದ. ಪ್ಲಾಸ್ಟರ್ ಬಿಚ್ಚಿದ ಮ್ಯಾಲೂ ಕುಂಟ ಉಳಿತದ ಅಂದ ಡಾಕ್ಟರ. ಉಳೀಲಿ.

ಗಾಡಿ ಏರುವಾಗ ಹಿಂದ ಕಲ್ಲು ಹಿಡ್ಕೊಂಡು ನಡೆಯೋರು ಯಾರು? ನಾವು. ಹೆಡ್ ಯಾರದು, ಬೋಲ್ಟ್ ಯಾರದು ಅಂತ ನೀವು ಬಡಿದಾಡ್ತೀರಿ. ಕಲ್ಲು ಯಾರದು ಅಂತ ಯಾರರ ಕೇಳೀರೇನು?

ತಮ್ಮಾ, ನೀನೂ ಸಾಚಾ ಅಲ್ಲ. ಅವನ್ನ ಒಂದ್ ಮಾತು ಕೇಳಿ ಬಿಚ್ಚು ಅಂದೆ. "ಅವ ಬಂದ್ರ ಬಿಡೂದಿಲ್ಲ ಅಕ್ಕಾ, ಲಗೂನ ಮುಗಸೂನು" ಅಂದಿ. ಕಳ್ಳರಂಗ ಮಾಡಿದಿ ಒಳ್ಳೇ ಕೆಲಸಾನೂ.

ಮತ್ತ ನಮ್ಮ ಮನ್ಯಾನವ. ಉಣ್ಣಾಕ ಕುಂತಾಗೆಲ್ಲ ಹೇಳಿದೆ, ಬೋಲ್ಟ್ ಬಿಗಿ ಮಾಡಬೇಕಂತ ನೋಡು, ಮಾಡು ಅಂತ. ಏನಂದ? "ಅವ ಕಟ್ಟಿದ್ದು ನಾ ಮುಟ್ಟೂದಿಲ್ಲ." ಮುಟ್ಟೂದಿಲ್ಲ! ಈ ಮಾತು ನಾ ಮೊದಲ ಎಲ್ಲಿ ಕೇಳಿದ್ದೆ ಅಂತ ನೆನಪು ಮಾಡ್ಕೊಂಡೆ. ನಮ್ಮೂರ ಬಾವಿ ಕಟ್ಟಿ ಮ್ಯಾಗ ಕೇಳಿದ್ದೆ. ಕೊಡ ಕೆಳಗಿಡು, ಹಗ್ಗ ಮುಟ್ಟಬ್ಯಾಡ, ನಾವು ಸುರಿತೀವಿ ಅಂತಿದ್ರು. ಆ ಮಾತು ಬಿಟ್ಟು ಓಡಿ ಬಂದು ಈ ಗುಡ್ಡ ಹತ್ತಿದೆ. ಇಲ್ಲಿ ನನ್ನ ಗಂಡನ ಬಾಯಾಗೇ ಅದ ಕುಂತದ.

ಇವತ್ತು ನಮ್ಮ ಮಂದಿ ಮಹಾಡದಾಗ ಕೆರಿ ನೀರು ಮುಟ್ಟಿದ ದಿನ. ಬೆಳಗಿನಿಂದ ವಿಹಾರದಾಗ ಹಾಡು ಹಾಕ್ಯಾರ. ಅವರು ಮುಟ್ಟಿ ನೀರು ಗೆದ್ರು. ನೀವು ಮುಟ್ಟಬ್ಯಾಡ ಮುಟ್ಟಬ್ಯಾಡ ಅನ್ಕೋತ ಬಂದ ನೀರು ಕಳದ್ರಿ.

ಯಾರ ತಪ್ಪು ಅಂತ ನಾ ಯಾರಿಗೂ ಹೇಳಿಲ್ಲ. ಸಮಿತಿದು ಭಾನುವಾರದ ಮೀಟಿಂಗ್ ಮುಂದಿನ ವಾರಕ್ಕ ಹೋಗ್ಯದ. ಅಲ್ಲಿ ಅವ ಏನಂತಾನ ನೋಡ್ತೀನಿ. ಆಮ್ಯಾಲ ಮಾತಾಡೂದೋ ಬಿಡೂದೋ ನಾ ನೋಡ್ಕೋತೀನಿ.

ದೇವಕ್ಕ


ವಿಕ್ರೋಳಿ
7 ಏಪ್ರಿಲ್ 2025

ಶಿವಪುತ್ರ,

ಜೈ ಭೀಮ್. ಈ ಸಲ ನಿನಗೇ.

ದೇವಕ್ಕನ ಕಾಗದ ನೀನು ಕಳಿಸಿದ ಮೇಲೆ ಓದಿದೆ. ಅವಳು ಗೋಡೆಗೆ ಒರಗಿ ಕೂತಿದ್ದಳು, ನಾನು ಹೊಸ್ತಿಲಲ್ಲಿ ಕೂತು ಓದುತ್ತಿದ್ದೆ. ಓದಿ ಮುಗಿಸಿ ತಲೆ ಎತ್ತಿದೆ. ಅವಳು ಕಿಟಕಿಯ ಕಡೆ ತಿರುಗಿದಳು.

ಸಭೆಯ ಹಿಂದಿನ ದಿನ ಹೆಡ್ ಬಿಚ್ಚಿದೆ. ಬಿಚ್ಚುವ ಮೊದಲು ಒಂದೊಂದೇ ಬೋಲ್ಟಿಗೆ ಉಸ್ತಾದನ ಪಾನಾ ಹಾಕಿ ನೋಡಿದೆ. ಬೆಣ್ಣೆಯಲ್ಲಿ ಹೂತಿದ್ದ ಹಾಗೆ ತಿರುಗಿದವು. ನಡುವಿನ ಎರಡು ಸಿಲಿಂಡರಿನ ಮಧ್ಯೆ ಗ್ಯಾಸ್ಕೆಟ್ ಸುಟ್ಟು ದಾರಿ ಬಿದ್ದಿತ್ತು. ಹೆಡ್ಡಿನ ಮೇಲೆ ಉಕ್ಕಿನ ಅಳತೆಪಟ್ಟಿ ಇಟ್ಟು ಬೆಳಕಿಗೆ ಹಿಡಿದೆ. ಎಲ್ಲೂ ಸೊಟ್ಟಿಲ್ಲ, ಬಿರುಕಿಲ್ಲ. ಒಂದು ಬಿರುಕಾದರೂ ಇರಲಿ ಎಂದು ಎಷ್ಟು ಹುಡುಕಿದೆ ಗೊತ್ತೇನು? ಕನ್ನಡಕ ಒರೆಸಿ ಒರೆಸಿ ಹುಡುಕಿದೆ. ಆ ಹಾಳಾದ ನಿನ್ನ ಹೆಡ್ ಎಷ್ಟು ಚೆನ್ನಾಗಿತ್ತು!

ಭಾನುವಾರ ವಿಹಾರದ ಮುಂದೆ ಎಲ್ಲರೂ ಸೇರಿದರು. ಬಸಲಿಂಗವ್ವ ಎದ್ದು ನಿಂತು ಹೇಳಿದಳು: "ಶಿವಪುತ್ರನ ಹೆಡ್ ಗುಜರಿಗೆ ಹಾಕೂಣು. ಮರೆಪ್ಪನ ಹಳೇದು ಕೂಡಸೂಣು. ಗಾಡಿ ತಿರುವಿನ್ಯಾಗೇ ನಿಂದ್ರಲಿ, ನಾವು ಮೊದಲಿನಂಗ ಹೊರತೀವಿ. ಕಾಲಾದ್ರೂ ಉಳಿತಾವ." ಹಿಂದಿನಿಂದ ಯಾರೋ ಕೂಗಿದರು: "ಮರೆಪ್ಪ ಮಾಮಾ ಮೊದಲ ಹೇಳಿದ್ದ! ನಾವ ಕೇಳಲಿಲ್ಲ!" ಮುದುಕಿಯರು ನನ್ನ ಕಡೆ ನೋಡಿ ತಲೆದೂಗಿದರು.

ಈ ಮಾತು ಕೇಳಲಿಕ್ಕೆಂದೇ ನಾನು ಇಷ್ಟು ದಿನ ಉರಿದದ್ದು. ಬಾಯಿ ಮುಚ್ಚಿಕೊಂಡು ಕೂತಿದ್ದರೆ ಗೆದ್ದಿದ್ದೆ. ಟ್ಯಾಂಕರು ಕೆಳಗೆ, ಕೊಡ ಅವರ ತಲೆಯ ಮೇಲೆ, ಮರೆಪ್ಪ ಉಸ್ತಾದ. ಇದೇ ನನ್ನ ಗೆಲುವು.

ದೇವಕ್ಕ ಪ್ಲಾಸ್ಟರಿನ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತು ನನ್ನನ್ನೇ ನೋಡುತ್ತಿದ್ದಳು.

ಎದ್ದು ಹೇಳಿದೆ: "ಹೆಡ್ ಸರಿ ಐತಿ. ಬೋಲ್ಟ್ ಸಡ್ಲ ಇದ್ವು. ಎರಡನೇ ಸಲ ಬಿಗಿ ಮಾಡು ಅಂತ ಶಿವಪುತ್ರ ಬರದಿದ್ದ. ಅವ ಕಟ್ಟಿದ್ದು ಮುಟ್ಟೂದಿಲ್ಲ ಅಂದೆ. ನಾ ಮಾಡ್ಲಿಲ್ಲ."

"ಯಾಕ?" ಎಂದಳು ಬಸಲಿಂಗವ್ವ.

"ಹೊಟ್ಟಿಕಿಚ್ಚಿಗೆ."

ಬೈಗುಳ ಬರುತ್ತವೆಂದು ಕಾದೆ. ಬಂದವು. ಮರಾಠಿಯಲ್ಲಿ ಬಂದವು, ಹಿಂದಿಯಲ್ಲಿ ಬಂದವು, ನಮ್ಮೂರ ಕನ್ನಡದಲ್ಲಿ ಬಂದವು. ನನ್ನ ಸತ್ತ ಅಪ್ಪನನ್ನೂ ಬಿಡಲಿಲ್ಲ. ಅಮೋಲ್ ಕಟ್ಟೆಯಿಂದ ಇಳಿದು ಬಂದು ನನ್ನ ಅಂಗಿಯ ಕಾಲರ್ ಹಿಡಿದ, ಹಿಡಿದು ಅತ್ತ. ಎಲ್ಲ ಮುಗಿದ ಮೇಲೆ ಬಸಲಿಂಗವ್ವ ಮೆಲ್ಲಗೆ, ತಣ್ಣಗೆ ಕೇಳಿದಳು: "ಮುಟ್ಟೂದಿಲ್ಲ ಅಂದ್ಯಲ್ಲ?"

"ಅಂದೆ."

"ಹಂಗಾದ್ರ ಮುಟ್ಟಬ್ಯಾಡ. ಇವತ್ತಿನಿಂದ ಈ ಗಾಡಿಗೆ ನೀನೂ ಕೈ ಹಚ್ಚಬ್ಯಾಡ, ಅವನೂ ಹಚ್ಚೂದು ಬ್ಯಾಡ. ಕೈ ಹಿಂದ ಕಟ್ಕೊಂಡು ನಿಂದ್ರು, ಬಾಯಿಲೆ ಹೇಳು. ನಾವು ಕಟ್ತೀವಿ. ನೀರು ಕುಡಿಯೋರು ನಾವು, ಹೆಡ್ ನಮ್ಮದು."

ಆಗ ದೇವಕ್ಕ ಕೈ ಚಾಚಿದಳು. ಹದಿನೇಳು ದಿನವೋ ಇಪ್ಪತ್ತು ದಿನವೋ, ಅಷ್ಟು ದಿನದ ಮೇಲೆ ನನ್ನೊಂದಿಗೆ ಅವಳು ಆಡಿದ ಮೊದಲ ಮಾತು: "ಪಾನಾ ಕೊಡು."

ಉಸ್ತಾದನ ಪಾನಾ, ಶಿವಪುತ್ರ. ನಿನ್ನನ್ನು ನೋಡದೆ ನನಗೆ ಕೊಟ್ಟ ಪಾನಾ. ಕೊಟ್ಟೆ.

ನಿನ್ನ ಹೆಡ್ಡನ್ನೇ ಕೂರಿಸಿದರು. ಹೊಸ ಗ್ಯಾಸ್ಕೆಟ್. ನಾನು ಬೆನ್ನ ಹಿಂದೆ ಕೈ ಕಟ್ಟಿಕೊಂಡು ಹೇಳುತ್ತಾ ಹೋದೆ: ನಡುವಿನಿಂದ ಶುರು ಮಾಡ್ರಿ, ಆ ಕಡೆ ಒಂದು, ಈ ಕಡೆ ಒಂದು, ಹೊರಗ ಬರ್ರಿ. ಒಂದೇ ಸಲಕ್ಕ ಪೂರಾ ಬಿಗಿಬ್ಯಾಡ್ರಿ. ಬಸಲಿಂಗವ್ವ ಸೀರೆ ಸಿಕ್ಕಿಸಿಕೊಂಡು ಬಂಪರ್ ಮೇಲೆ ಹತ್ತಿ ಪಾನಾ ಎಳೆದಳು. ದೇವಕ್ಕ ಸ್ಟೂಲನ್ನು ಪಕ್ಕಕ್ಕೆ ಹಾಕಿಸಿಕೊಂಡು ಪಾನಾದ ಮುಳ್ಳು ನೋಡುತ್ತಾ, "ಇನ್ನೊಂದೀಟು... ಹಾಂ, ನಿಂದ್ರು" ಅಂದಳು. "ಇಷ್ಟೇ ಏನ?" ಎಂದಳು ಬಸಲಿಂಗವ್ವ, "ನಮ್ಮನಿ ಉಪ್ಪಿನಕಾಯಿ ಭರಣಿ ಮುಚ್ಚಳ ಇದಕ್ಕಿಂತ ಬಿಗಿ ಇರ್ತದ! ಇದಕ್ಕ ಇಬ್ಬರು ಗಂಡಸರು ಸಾಲಲಿಲ್ಲೇನ?"

ನಿನ್ನೆ ಭಾನುವಾರ ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ಎರಡನೇ ಬಿಗಿತ ಮಾಡಿದರು. ನಾನು ನೆನಪು ಮಾಡಬೇಕೆಂದು ಹೋದರೆ ಅವರಾಗಲೇ ಬಾನೆಟ್ ಎತ್ತಿದ್ದರು. ನಾಲ್ಕು ಬೋಲ್ಟು ಸ್ವಲ್ಪ ತಿರುಗಿದವು. ನನ್ನ ಎರಡು ಕೈಗಳು ಬೆನ್ನ ಹಿಂದೆ ಒಂದನ್ನೊಂದು ಗಟ್ಟಿಯಾಗಿ ಹಿಡಿದುಕೊಂಡಿದ್ದವು. ಬಿಟ್ಟಿದ್ದರೆ ಪಾನಾ ಕಸಿದುಕೊಳ್ಳುತ್ತಿದ್ದವು.

ಆಮೇಲೆ ತುಂಬಿದ ಟ್ಯಾಂಕರು ಏರಿತು. ವಿಹಾರದ ತಿರುವಿನಲ್ಲಿ ಒಂದು ಚೂರೂ ತಡೆಯಲಿಲ್ಲ. ಹಿಂದೆ ಈಗ ಕಲ್ಲು ಹಿಡಿದು ಯಾರೂ ನಡೆಯುವುದಿಲ್ಲ. ಹಗ್ಗ ಕಟ್ಟಿದ ಮರದ ದಿಮ್ಮಿಯನ್ನು ಗಾಲಿಯ ಹಿಂದೆ ಎಳೆದುಕೊಂಡು ಹೋಗುವ ಹಾಗೆ ಮಾಡಿದ್ದಾರೆ, ಅದು ದೇವಕ್ಕನ ಉಪಾಯ. ಗುಡ್ಡದ ತುದಿಯಲ್ಲಿ ಹಾರನ್ ಕೇಳಿಸಿತು, ಹೆಂಗಸರ ಕೇಕೆ ಕೇಳಿಸಿತು. ಯಾರೂ ನನ್ನ ಹೆಸರು ಎತ್ತಲಿಲ್ಲ. ನಿನ್ನ ಹೆಸರೂ ಎತ್ತಲಿಲ್ಲ, ಅದೊಂದು ಸಮಾಧಾನ.

ದೇವಕ್ಕ ಮಾತಾಡುತ್ತಾಳೆ, ಆದರೆ ಎಂಜಿನ್ನಿನ ಮಾತು ಮಾತ್ರ. ಇವತ್ತು ಉಣ್ಣುವಾಗ ಟೈಮಿಂಗ್ ಅಂದರೇನು ಎಂದು ಕೇಳಿದಳು. ಹೇಳಿಕೊಟ್ಟೆ. ನನಗಿಂತ ಬೇಗ ತಿಳಿದುಕೊಂಡಳು, ಅದಕ್ಕೂ ಉರಿಯಿತು.

ನಿನ್ನ ಮೇಲಿನ ಕಿಚ್ಚು ಹೋಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಅದು ಹಾಗೇ ಇದೆ, ಅದರ ಪಕ್ಕದಲ್ಲಿ ಈಗ ಬಸಲಿಂಗವ್ವನ ಕೈ ಕಂಡರೆ ಇನ್ನೊಂದು ಹತ್ತಿಕೊಂಡಿದೆ. ಬರುವ ಭಾನುವಾರ ಬಾ. ನೀನು ಗುಡ್ಡಕ್ಕೆ ಬರಬಹುದಂತೆ, ಕೇಳಿದ್ದೇನೆ. ಪಾನಾ ಮಾತ್ರ ನಿನಗೂ ಕೊಡುವುದಿಲ್ಲವಂತೆ, ಅದನ್ನೂ ಕೇಳಿದ್ದೇನೆ. ಇಬ್ಬರೂ ವಿಹಾರದ ಕಟ್ಟೆಯ ಮೇಲೆ ಕೈ ಕಟ್ಟಿಕೊಂಡು ಕೂತು ಗಾಡಿ ಏರುವುದನ್ನು ನೋಡೋಣ. ಒಬ್ಬನೇ ಕೂತು ಉರಿಯುವುದು ಬಹಳ ಕಷ್ಟ ಮಾರಾಯ.

ನಿನ್ನ ನಂಬರಿನ ಬ್ಲಾಕ್ ತೆಗೆದಿದ್ದೇನೆ. ಇದನ್ನು ಓದಿ ನಗು ಬಂದರೆ ಫೋನ್ ಮಾಡಿ ನಗು.

ಮರೆಪ್ಪ